ಜೇನಿಗಾಗಿ ಸಾರಿಸದೆ ಬಿಟ್ಟ ಅಂಗಳ

ಹಾವೇರಿಯ ನಮ್ಮ ಮನೆಯಂಗಳದಲ್ಲಿ ಬುಧವಾರ ಬೆಳಿಗ್ಗೆ ಒಂದು ಕುಂಬಳದ ಮಿಡಿ ಉದುರಿತು. ನಿಂಬೆಹಣ್ಣಿನ ಗಾತ್ರದ ಆ ಮಿಡಿ ಮೂರು ದಿನಗಳಿಂದ ಹಳದಿಗಟ್ಟಿತ್ತು. ಸ್ಥಳಕ್ಕೆ ಮೊದಲು ಧಾವಿಸಿದ್ದು ನಮ್ಮ ಅವ್ವ. ಆಕೆ ಆ ದಿನ ಚಹಾ ಕುಡಿಯಲಿಲ್ಲ. ಇಂಥ ಘಟನೆಗಳು ಪತ್ರಿಕೆಯಲ್ಲಿ ಬರುವುದಿಲ್ಲ, ನಮ್ಮ ಮನೆಯಲ್ಲಿ ಮಾತ್ರ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ.

ವಿಷಯ ಹಗುರವಾದದ್ದಲ್ಲ. ಅವ್ವನ ತವರು ಅಗಡಿ. ಅಲ್ಲಿ ಬೆಳೆಯುತ್ತಿದ್ದ ಚಪ್ಪಟೆ ಸಿಹಿಗುಂಬಳದ ಬೀಜ ಈಗ ಅಗಡಿಯಲ್ಲೂ ಉಳಿದಿಲ್ಲ. ಬೂದಿಯಲ್ಲಿ ಹೊರಳಿಸಿ ಅರಿವೆಯಲ್ಲಿ ಕಟ್ಟಿಟ್ಟಿದ್ದ ಕೊನೆಯ ಐದು ಬೀಜಗಳನ್ನು ಅವ್ವ ಈ ಸಲ ಊರಿದಳು. ಎರಡು ಹುಟ್ಟಿದವು. ಹೂವಿಗೇನೂ ಬರವಿಲ್ಲ, ಆದರೆ ಮಿಡಿ ನಿಲ್ಲುವುದಿಲ್ಲ. ಬಳ್ಳಿ ಒಣಗುವುದರೊಳಗೆ ಒಂದು ಕಾಯಿಯಾದರೂ ಬಲಿಯದಿದ್ದರೆ ಆ ಕುಂಬಳದ ವಂಶ ಅಲ್ಲಿಗೆ ಮುಗಿಯಿತು.

“ನಮ್ಮವ್ವ ಕೊಟ್ಟ ಬೀಜ ನನ್ನ ಕೈಯಾಗ ಮುಗದು ಹೋಗತಾವಲ್ಲೋ,” ಅಂದಳು ಅವ್ವ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಹೆಂಡತಿ ಹೂವುಗಳನ್ನು ಪರೀಕ್ಷಿಸಿ ತೀರ್ಪು ಕೊಟ್ಟಳು: “ಜೇನಹುಳಾ ಬರವಲ್ವು ಅತ್ತಿ. ಅದಕ್ಕ ಹಿಂಗ.”

ರಾಣೆಬೆನ್ನೂರಿನ ತಜ್ಞೆ

ಹುಳುಗಳ ದಾರಿ ಕಾಯುವುದೇಕೆ ಎಂದು ನಾನು ರಾಣೆಬೆನ್ನೂರಿನಿಂದ ಒಬ್ಬ ಹೆಣ್ಣುಮಗಳನ್ನು ಕರೆಸಿದೆ. ಆ ಕಡೆ ಬೀಜದ ಪ್ಲಾಟುಗಳಲ್ಲಿ ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಕೈಯಿಂದ ಮುಟ್ಟಿಸುತ್ತಾರೆ. ಅದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಈಕೆಗೆ ಅದರಲ್ಲಿ ಇಪ್ಪತ್ತು ವರ್ಷದ ಅನುಭವ.

ಮೊದಲ ಬಸ್ಸಿಗೆ ಬಂದವಳು, ನಾವು ಒಳಗೆ ಚಹಾ ಕಾಸುವಷ್ಟರಲ್ಲಿ ಬಳ್ಳಿಯ ಗಂಡು ಹೂಗಳನ್ನೆಲ್ಲ ಮೊಗ್ಗು ಸಮೇತ ಕಿತ್ತು, ಗೇಟಿನ ಹೊರಗೆ ನಿಂತಿದ್ದ ಆಕಳಿಗೆ ಹಾಕಿದ್ದಳು. ಹೆಣ್ಣಿನ ಪ್ಲಾಟಿನಲ್ಲಿ ಅದೇ ಮೊದಲ ಕೆಲಸ. ಪುಡಿ ಬರುವುದು ಪಕ್ಕದ ಗಂಡಿನ ಪ್ಲಾಟಿನಿಂದ.

ಕೈ ಒರೆಸಿಕೊಳ್ಳುತ್ತ ಕೇಳಿದಳು: “ಗಂಡಿನ ಪ್ಲಾಟ್ ಎಲ್ಲೈತ್ರೀ ಸಾಹೇಬ್ರ?”

“ಆಕಳ ಹೊಟ್ಟ್ಯಾಗ ಐತೆವಾ,” ಅಂದೆ.

ಫರಸಿ

ಬಳ್ಳಿ ಮತ್ತೆ ಗಂಡು ಹೂ ಬಿಡುವಷ್ಟರಲ್ಲಿ ಇನ್ನು ಜೇನುಗಳನ್ನೇ ಕರೆಯಬೇಕಾಯಿತು. ಕಾಡುಜೇನುಗಳಲ್ಲಿ ಎಷ್ಟೋ ಜಾತಿಗಳು ಹುಟ್ಟು ಕಟ್ಟುವುದಿಲ್ಲ, ಒಂದೊಂದೇ ಹುಳು ನೆಲದಲ್ಲಿ ಸಣ್ಣ ತೂತು ಕೊರೆದು ಬಾಳುತ್ತದೆ, ಅದಕ್ಕೆ ಬರಿ ಮಣ್ಣು ಬೇಕು ಎಂದು ಹೆಂಡತಿ ವಿವರಿಸಿದಳು. ಬಳ್ಳಿಯ ಪಾತಿ ಬಿಟ್ಟರೆ ನಮ್ಮ ಅಂಗಳದಲ್ಲಿ ಮಣ್ಣಿರಲಿಲ್ಲ. ಮೂರು ವರ್ಷದ ಹಿಂದೆ ಅಂಗಳಕ್ಕೆಲ್ಲ ಫರಸಿಕಲ್ಲು ಹಾಸಿಸಿ ಮನೆಯವರನ್ನು ಕೆಸರಿನಿಂದ ಪಾರು ಮಾಡಿದ ಮಹನೀಯ ನಾನೇ.

ಅಂದು ಹಾಸಿದ ಗೌಂಡಿಯನ್ನೇ ಕೀಳಲು ಕರೆಸಿದೆ.

“ಅವಾಗ ಯಾಕ ಹಾಕ್ಸಿದ್ರಿ ಸರ?”

“ಹುಳಾಹುಪ್ಪಡಿ ಬರಬಾರದಂತ.”

“ಈಗ ಯಾಕ ತಗಸ್ತೀರಿ?”

“ಹುಳಾ ಬರಲಿ ಅಂತ.”

ಗೌಂಡಿ ಹಾರೆಯನ್ನು ಗೋಡೆಗೆ ಆನಿಸಿಟ್ಟು ಒಳಗೆ ಹೋದ. ನನ್ನ ಹೆಂಡತಿಯ ಹತ್ತಿರ ದನಿ ತಗ್ಗಿಸಿ ಕೇಳಿದ: “ಅಕ್ಕಾರ, ಸರಗ ಆರಾಮ ಐತಿಲ್ರೀ?”

ಅತಿಥಿ ಸತ್ಕಾರ

ಕಲ್ಲು ಎದ್ದ ನಾಲ್ಕನೆಯ ದಿನ ಮಣ್ಣಿನಲ್ಲಿ ಪೆನ್ಸಿಲ್ ತೂರುವಷ್ಟು ದಪ್ಪದ ಮೂರು ತೂತು ಕಂಡವು. ಒಂದರಿಂದ ನೀಲಿ ಪಟ್ಟೆಯ ಹುಳುವೊಂದು ಇಣುಕಿ ನೋಡಿತು. ಹೆಂಡತಿ ಎಲ್ಲರನ್ನೂ ಕರೆದು ತೋರಿಸಿದಳು. ಮರುದಿನ ಬೆಳಿಗ್ಗೆ ನೋಡಿದರೆ ಅಂಗಳವನ್ನು ಸಗಣಿಯಿಂದ ಕನ್ನಡಿಯ ಹಾಗೆ ಸಾರಿಸಲಾಗಿತ್ತು. ಮೇಲೆ ರಂಗೋಲಿ. ತೂತುಗಳಿದ್ದ ಜಾಗದಲ್ಲಿ ಕಮಲ ಅರಳಿತ್ತು.

“ಅತ್ತೀ, ಬಾಗಲಾ ಮುಚ್ಚಿಬಿಟ್ರೆಲ್ರೀ!”

ಅವ್ವ ಗಾಬರಿಯಾದಳು. “ಮನಿಗೆ ಬಂದವರಿಗೆ ಸಾರಿಸಲಾರದ ನೆಲಾ ತೋರಸ್ಲೇನವಾ?”

ಅರವತ್ತು ವರ್ಷದ ರೂಢಿಯನ್ನು ಅಂದಿನಿಂದ ಬಿಡುತ್ತೇನೆಂದು ಮಾತು ಕೊಟ್ಟು, ಉಗುರಿನಿಂದ ಮೆಲ್ಲಗೆ ಸಗಣಿ ಕೆರೆದು ತೆಗೆದಳು. ಹುಳುಗಳು ದೊಡ್ಡ ಮನಸ್ಸಿನವು. ತಿರುಗಿ ಬಂದವು.

ಬ್ಯಾಡಗಿಯ ನೆರವು

ಇದೇ ಹೊತ್ತಿಗೆ ಚಪ್ಪರದ ಒಣ ಬಿದಿರಿನಲ್ಲಿ ಒಂದು ದಪ್ಪ ಕರಿ ಗುಂಗಿಹುಳ ಮನೆ ಮಾಡಿತು. ಕುಂಬಳದ ಹೂವಿಗೆ ಇದಕ್ಕಿಂತ ಒಳ್ಳೆಯ ನೆಂಟರಿಲ್ಲ. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಹೆಂಡತಿಯ ತಮ್ಮ ಬಂದವನು, ಅದು ತಲೆಯ ಮೇಲೆ ಗುಂಯ್ ಎಂದದ್ದಕ್ಕೆ ಚಪ್ಪಲಿ ಬಿಟ್ಟು ಓಡಿದ. ಅಕ್ಕನ ಮನೆಯವರನ್ನು ಕಾಪಾಡುವುದು ತನ್ನ ಧರ್ಮವೆಂದು, ನಾವು ಯಾರೂ ಇಲ್ಲದಾಗ ಕೆಂಡದ ಮೇಲೆ ತನ್ನದೇ ಚೀಲದ ಮೆಣಸಿನಕಾಯಿ ಹಾಕಿ ಹೊಗೆ ಎಬ್ಬಿಸಿದ.

ಓಣಿಯ ಅರ್ಧ ಜನ ಕೆಮ್ಮುತ್ತ ಹೊರಗೆ ಬಂದರು. ಗುಂಗಿಹುಳ ಬರಲಿಲ್ಲ. ಹೊಗೆ ಇಳಿದ ಮೇಲೆ ಬಿದಿರಿನಿಂದ ಇಣುಕಿ, ಹೂವಿಗೆ ಹೋಗಿ ಬಂದು, ಮತ್ತೆ ಒಳಗೆ ಸೇರಿತು.

ಭಾಮೈದ ಕಣ್ಣೊರೆಸಿಕೊಳ್ಳುತ್ತ ಒಪ್ಪಿಕೊಂಡ: “ನಮ್ಮ ಕಾಯಿ ಬಣ್ಣಕ್ಕಷ್ಟೇ ಅಕ್ಕಾ. ಇದಕ್ಕ ಗುಂಟೂರಿನ ಖಾರ ಕಾಯಿ ತರಬೇಕಿತ್ತು.”

ನನ್ನ ಒಳ್ಳೆಯ ಗುಣಗಳು

ಹೊಗೆಯಿಂದ ಗಂಟಲು ಕೆಡಿಸಿಕೊಂಡ ಭಾಮೈದನಿಗೆ ಎರಡು ದಿನ ಜೊತೆ ಕೊಡಲೆಂದು ನಾನು ಬ್ಯಾಡಗಿಗೆ ಹೋದೆ. ಆ ಎರಡೂ ದಿನ ಅವ್ವ ಕೊಟ್ಟ ಮಾತಿನಂತೆ ಅಂಗಳ ಸಾರಿಸಲಿಲ್ಲ, ರಂಗೋಲಿ ಹಾಕಲಿಲ್ಲ. ಬೆಳಿಗ್ಗೆ ಎದ್ದವಳೇ ತಲೆ ಕೂಡ ಬಾಚದೆ ಮಣೆ ಹಾಕಿಕೊಂಡು ತೂತುಗಳನ್ನು ನೋಡುತ್ತ ಕೂತಳು.

ನಮ್ಮ ಕಡೆ ಅಂಗಳ ಸಾರಿಸದೆ, ರಂಗೋಲಿ ಇಲ್ಲದೆ, ಮನೆಯ ಹಿರಿಯಳು ಬಾಗಿಲಲ್ಲಿ ತಲೆ ತಗ್ಗಿಸಿ ಕೂತಿದ್ದರೆ ಅದಕ್ಕೆ ಅರ್ಥ ಒಂದೇ. ಊರಲ್ಲಿ ಇಲ್ಲದವನು ನಾನೊಬ್ಬನೇ.

ಎರಡನೆಯ ದಿನ ಓಣಿಯವರು ಬಂದರು. ಅಂಥ ಮನೆಯಲ್ಲಿ ಏನೂ ಕೇಳಬಾರದು, ಸುಮ್ಮನೆ ಕೂಡಬೇಕು. ಕೂತರು. ಒಬ್ಬರು ಪಾತ್ರೆ ತುಂಬ ಉಪ್ಪಿಟ್ಟು ತಂದರು, ಇನ್ನೊಬ್ಬರು ಚಹಾ. ವಾರದಿಂದ ಎಲ್ಲರನ್ನೂ ಜೇನು ನೋಡಲು ಕರೆಯುತ್ತಿದ್ದ ಅವ್ವ, ಕೊನೆಗೂ ಬಂದರಲ್ಲ ಎಂದು ಸಂತೋಷಪಟ್ಟು, ಹುಳುಗಳು ಬೆದರಬಾರದೆಂದು ತಾನೂ ಸುಮ್ಮನಿದ್ದಳು. ಕುಂಕುಮ ಹಚ್ಚಿ, ಹೂ ಮುಡಿದು ಓಡಾಡುತ್ತಿದ್ದ ನನ್ನ ಹೆಂಡತಿಯನ್ನು ನೋಡಿ, ‘ಪಾಪ, ಇಕೀಗೆ ಇನ್ನೂ ಹೇಳಿಲ್ಲ’ ಎಂದು ಹೆಂಗಸರು ಕಣ್ಣಲ್ಲೇ ಮಾತಾಡಿಕೊಂಡರಂತೆ.

ಅದೇ ಹೊತ್ತಿಗೆ ನಾನು ಗೇಟಿನ ಹತ್ತಿರ ಆಟೋ ಇಳಿದೆ. ನನ್ನ ಕಡೆ ಬೆನ್ನು ಮಾಡಿ ಎದುರುಮನೆಯ ನಿವೃತ್ತ ಮಾಸ್ತರರು ಮೆಲುದನಿಯಲ್ಲಿ ಹೇಳುತ್ತಿದ್ದರು: “ಮನುಷ್ಯಾ ಭಾಳ ಚಲೋ ಇದ್ದ. ಒಬ್ಬರ ತಂಟೇಕ ಹೋದಾಂವಲ್ಲ. ಅದೊಂದು ಪೇಪರಿನ್ಯಾಗ ಬರಿಯೂದು ಬಿಟ್ರ.”

ಯಾರ ಬಗ್ಗೆ ಎಂದು ಕುತೂಹಲದಿಂದ ನಾನೂ ಟೋಪಿ ತೆಗೆದು ಹಿಂದೆ ನಿಂತೆ. ಮಾಸ್ತರರು ತಿರುಗಿದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅವರ ದನಿಯಲ್ಲಿ ಸಿಟ್ಟೇ ಇತ್ತು.

“ನೀವು ಇಲ್ಲೇ ಅದೀರಿ ಅಂದ್ರ, ಹೋದವರು ಯಾರ್ರೀ?”

“ಯಾರೂ ಹೋಗಿಲ್ರೀ ಮಾಸ್ತರ,” ಒಳಗಿನಿಂದ ಲೋಟಗಳನ್ನು ತಂದ ಹೆಂಡತಿ ಅಂದಳು. “ಹೊಸಬರು ಬಂದಾರ, ನೋಡ್ರಿ.”

ಎಲ್ಲರೂ ಬಗ್ಗಿ ತೂತುಗಳನ್ನು ನೋಡಿದರು. ಉಪ್ಪಿಟ್ಟು ಬಿಸಿಯಾಗಿತ್ತು, ಎಲ್ಲರೂ ಕೂಡಿ ತಿಂದೆವು. ನನ್ನ ಕುರಿತು ಇಷ್ಟು ಒಳ್ಳೆಯ ಮಾತನ್ನು ನಾನೇ ನಿಂತು ಕೇಳುವಂತೆ ಮಾಡಿದ ಆ ಹುಳುಗಳಿಗೂ, ಯಾರೂ ಕರೆಯದಿದ್ದರೂ ಪಾತ್ರೆ ಹೊತ್ತು ಬಂದ ಓಣಿಗೂ ನಾನು ಋಣಿ. ಈಗ ಇನ್ನೂ ನಾಲ್ಕು ಮನೆಯವರು ಅಂಗಳದಲ್ಲಿ ಮೊರದಗಲ ಮಣ್ಣು ಸಾರಿಸದೆ ಬಿಟ್ಟಿದ್ದಾರೆ. ನೋಡಿದವರು ತಪ್ಪು ತಿಳಿಯಬಾರದೆಂದು ಅದರ ಸುತ್ತ ರಂಗೋಲಿ ಎಳೆಯುತ್ತಾರೆ.

ಆ ವಾರ ಒಂದು ಮಿಡಿ ನಿಂತಿತು. ಬಲಿತ ಮೇಲೆ ಅವ್ವ ತಾನೇ ಕೊಯ್ದು ಕಡುಬು ಮಾಡಿದಳು. ಮಾಸ್ತರರು ಎರಡು ಸಲ ಹಾಕಿಸಿಕೊಂಡರು. ಬೀಜ ನೂರಾ ಹನ್ನೆರಡು ಸಿಕ್ಕವು. ಐದನ್ನು ಬೂದಿ ಹಚ್ಚಿ ಕಟ್ಟಿಟ್ಟಿದ್ದಾಳೆ. ಉಳಿದವು ಓಣಿಗೂ ಅಗಡಿಗೂ ಹೋದವು.