ಹಸಿರು ಡಬ್ಬಿಯ ಕೋಳಿಯವರಿಗೆ, ಅವರ ಕಾಲು ಬರೆದವನಿಂದ

ಮಾನ್ಯ ಕೋಳಿಯವರೇ,

ಅಂಗಡಿಯ ತಣ್ಣನೆಯ ಕಪಾಟಿನಲ್ಲಿ, ಹಾಲಿನ ಪ್ಯಾಕೆಟ್ಟುಗಳ ಪಕ್ಕ, ಹಸಿರು ಡಬ್ಬಿಯ ಮುಚ್ಚಳದ ಮೇಲೆ ಹಗಲೂ ಇರುಳೂ ಒಂದೇ ಭಂಗಿಯಲ್ಲಿ ನಿಂತು ಗಿರಾಕಿಗಳನ್ನು ಹರಸುತ್ತಿರುವ ತಮ್ಮ ಪಾದಗಳಿಗೆ ಅನಂತ ವಂದನೆಗಳು. ಪಾದಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ತಮ್ಮ ಬೆನ್ನ ಹಿಂದಿನ ಸೂರ್ಯ ಮುಳುಗದಿರಲಿ, ಕೊಕ್ಕಿನ ಮುಂದಿನ ಹುಲ್ಲು ಬಾಡದಿರಲಿ ಎಂದು ಹಾರೈಸುತ್ತೇನೆ. ಎರಡಕ್ಕೂ ಬಣ್ಣ ಹಚ್ಚಿದವನು ನಾನೇ ಆದ್ದರಿಂದ ಹಾರೈಕೆ ಫಲಿಸುವುದರಲ್ಲಿ ನನಗೆ ಅನುಮಾನವಿಲ್ಲ.

ಗುರುತು ಸಿಗದಿದ್ದರೆ ನೆನಪಿಸುತ್ತೇನೆ. ರಟ್ಟಿನ ಡಬ್ಬಿಗಳನ್ನು ಅಚ್ಚು ಹಾಕುವ ಪ್ರೆಸ್ಸಿನ ಹಿಂಬದಿ ಕೋಣೆಯಲ್ಲಿ ಕೂತು ಬಿಸ್ಕತ್ತು, ಸೋಪು, ಸೊಳ್ಳೆಬತ್ತಿಗಳ ಡಬ್ಬಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುವವನು ನಾನು. ಮೊಟ್ಟೆ ಕಂಪನಿಯ ಮ್ಯಾನೇಜರರು ಒಂದು ಬಿಳಿ ಡಬ್ಬಿ, ಒಂದು ಹಸಿರು ಡಬ್ಬಿ ಬೇಕೆಂದೂ, ಹಸಿರಿನ ಮೇಲೆ ಸಂತೃಪ್ತಳಾದ ಕೋಳಿಯೊಂದು ಇರಲೇಬೇಕೆಂದೂ, ಸಂಜೆಯೊಳಗೆ ಮುಗಿಸಿಕೊಡಬೇಕೆಂದೂ ಕೇಳಿದಾಗ, ಹುಟ್ಟಿದಾಗಿನಿಂದ ಯಾವ ಕೋಳಿಯನ್ನೂ ಹತ್ತಿರದಿಂದ ನೋಡದ ನಾನು ಕಿಟಕಿಯ ಅಂಚಿನಲ್ಲಿ ಕೂತಿದ್ದ ಪಾರಿವಾಳದಿಂದ ತಮ್ಮ ಕಾಲುಗಳನ್ನೂ, ಆಫೀಸಿನ ಟೀ ಕೆಟಲಿನಿಂದ ತಮ್ಮ ಎದೆಯನ್ನೂ, ಸಂಬಳದ ದಿನ ನಮ್ಮ ಮಾಲೀಕರ ಮುಖದಲ್ಲಿ ಕಾಣುವ ವೈರಾಗ್ಯದಿಂದ ತಮ್ಮ ಕಣ್ಣನ್ನೂ ಪಡೆದುಕೊಂಡೆ. ಎರಡು ಡಬ್ಬಿಗೂ ಮೊಟ್ಟೆ ಬರುವುದು ಒಂದೇ ಶೆಡ್ಡಿನಿಂದ ಎಂದು ತಿಳಿದು, ಹಾಗಾದರೆ ಈ ಹುಲ್ಲುಗಾವಲು ಎಲ್ಲಿದೆ ಎಂದು ವಿಚಾರಿಸಿದ್ದಕ್ಕೆ ಮ್ಯಾನೇಜರರು, "ಹುಲ್ಲಾ? ಅದು ನಿಮ್ಮ ಡಿಪಾರ್ಟ್‌ಮೆಂಟು ಸಾರ್," ಎಂದರು. "ಚಿತ್ರ ಕೇವಲ ಸಾಂಕೇತಿಕ" ಎಂಬ ಸಾಲನ್ನು ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಡಬ್ಬಿಯ ತಳಕ್ಕೆ ಸೇರಿಸಿದವನೂ ನಾನೇ.

ಇಷ್ಟೆಲ್ಲ ಗೊತ್ತಿದ್ದವನು ಮುಂದೆ ಮಾಡಿದ್ದನ್ನು ಕೇಳಿ ತಾವು ನಗಬಾರದೆಂದು ಪ್ರಾರ್ಥನೆ.

ನಮ್ಮ ಅತ್ತೆಯವರು, ಎಂದರೆ ನನ್ನ ಹೆಂಡತಿಯ ತಾಯಿ, ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು, ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಗೆ ಬಂದರು. ಮೂಳೆ ಕೂಡಿತು, ಆದರೆ ಮಲಗಿ ಮಲಗಿ ಕಾಲಿನ ಮಾಂಸವೆಲ್ಲ ಕರಗಿಹೋಗಿತ್ತು. ವಾಕರ್ ಹಿಡಿದರೂ ಮಗಳ ಭುಜವಿಲ್ಲದೆ ಎದ್ದು ನಿಲ್ಲಲಾಗುತ್ತಿರಲಿಲ್ಲ. ಅವರಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. "ಬಚ್ಚಲಿಗೆ ಒಬ್ಬಳೇ ಹೋಗಿ ಬಾಗಿಲು ಹಾಕ್ಕೊಳ್ಳೋ ಹಾಗಾದ್ರೆ ಸಾಕು," ಎನ್ನುತ್ತಿದ್ದರು. ಮಗಳ ಎದುರು ಸೀರೆ ಎತ್ತಿ ಕೂರುವಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರಂತೆ. ಡಾಕ್ಟರು, ಚೆನ್ನಾಗಿ ತಿನ್ನಲಿ, ದಿನಕ್ಕೊಂದು ಮೊಟ್ಟೆ ಕೊಡಿ, ಕಾಲಿಗೆ ಶಕ್ತಿ ಬರುತ್ತದೆ ಎಂದರು. ತರುವ ಕೆಲಸ ನನ್ನ ಪಾಲಿಗೆ ಬಂತು. "ಮೊಟ್ಟೆ ಡಬ್ಬಿ ಬರೆಯೋರು ನೀವೇ ಅಲ್ವೇನ್ರೀ," ಎಂದಳು ಹೆಂಡತಿ.

ಅಂಗಡಿಯಲ್ಲಿ ತಮ್ಮ ದರ್ಶನವಾಯಿತು. ಪಕ್ಕದಲ್ಲೇ ಬಿಳಿ ಡಬ್ಬಿ ಬಡಪಾಯಿಯ ಹಾಗೆ ಕೂತಿತ್ತು. ಅದರ ಮೇಲೆ ಹುಲ್ಲೂ ಇರಲಿಲ್ಲ, ಸೂರ್ಯನೂ ಇರಲಿಲ್ಲ, ಬೆಲೆಯೂ ಕಡಿಮೆ. ನಾನು ತಮ್ಮನ್ನು ನೋಡಿದೆ, ತಾವು ಮಾಲೀಕರ ಕಣ್ಣಿನಿಂದ ನನ್ನನ್ನು ನೋಡಿದಿರಿ, ಪಾಪ ಹುಷಾರಿಲ್ಲದ ಮುದುಕಿ, ಹೊರಗಡೆ ಓಡಾಡಿಕೊಂಡಿರುವ ಕೋಳಿಯ ಮೊಟ್ಟೆಯನ್ನೇ ತಿನ್ನಲಿ ಎಂದು ನನ್ನ ಮನಸ್ಸು ಕರಗಿತು, ಕೈ ತಾನಾಗಿ ಹಸಿರು ಡಬ್ಬಿಯ ಕಡೆ ಹೋಯಿತು. ತಾನೇ ಬಿಡಿಸಿದ ಹುಲ್ಲನ್ನು ದುಡ್ಡು ಕೊಟ್ಟು ಮನೆಗೆ ಒಯ್ದ ಕಲಾವಿದ ಈ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ಅವನ ವಿಳಾಸ ತಿಳಿಸಿ, ಸಂಘ ಕಟ್ಟುತ್ತೇನೆ.

ಇಷ್ಟಕ್ಕೇ ಸುಮ್ಮನಾಗಿದ್ದರೆ ಇದು ಪತ್ರ ಬರೆಯುವ ವಿಷಯವಾಗುತ್ತಿರಲಿಲ್ಲ. ತಮ್ಮ ಸಹವಾಸದಿಂದ ನಾನು ಮೊಟ್ಟೆಯ ಪಂಡಿತನಾದೆ. ಫೋನಿನ ವಿಡಿಯೋದಲ್ಲಿ ಒಬ್ಬ ಮಹಾಶಯರು ಹಳದಿ ಭಾಗ ಹೃದಯಕ್ಕೆ ಶತ್ರು ಎಂದರು, ನಾನು ಅತ್ತೆಯವರ ತಟ್ಟೆಯಿಂದ ಹಳದಿಯನ್ನು ಚಮಚದಲ್ಲಿ ಕೆತ್ತಿ ತೆಗೆದೆ. ಮರುದಿನ ಇನ್ನೊಬ್ಬರು ಸತ್ವವೆಲ್ಲ ಇರುವುದೇ ಹಳದಿಯಲ್ಲಿ ಎಂದರು, ತೆಗೆದಿಟ್ಟಿದ್ದನ್ನು ಫ್ರಿಜ್ಜಿನಲ್ಲಿ ಹುಡುಕಿದೆ. ಕಂದು ಮೊಟ್ಟೆಯೇ ಶ್ರೇಷ್ಠವೆಂದು ಕೇಳಿ ಕಂದು ತಂದೆ. ಸಿಪ್ಪೆಯ ಬಣ್ಣ ಕೋಳಿಯ ತಳಿಗೆ ಸಂಬಂಧಿಸಿದ್ದು, ಒಳಗಿನ ಸತ್ವಕ್ಕಲ್ಲ ಎಂದು ಓದಿ ಅದನ್ನು ಪಕ್ಕದ ಮನೆಯವರಿಗೆ ದಾನ ಮಾಡಿದೆ. ಅಗಸೆ ಬೀಜ ತಿಂದ ಕೋಳಿಯ ಮೊಟ್ಟೆ ತಂದೆ. ತಾಜಾ ಮೊಟ್ಟೆ ನೀರಿನಲ್ಲಿ ಮುಳುಗಿ ಅಡ್ಡ ಮಲಗುತ್ತದೆ, ಹಳೆಯದು ತುದಿಯ ಮೇಲೆ ನಿಲ್ಲುತ್ತದೆ, ತೇಲಿದ್ದನ್ನು ಬಿಸಾಡಬೇಕು ಎಂದು ತಿಳಿದ ಮೇಲೆ ಸ್ನಾನದ ಬಕೆಟ್ಟನ್ನೇ ಊಟದ ಮೇಜಿನ ಪಕ್ಕ ತಂದಿಟ್ಟುಕೊಂಡೆ. ಇವೆಲ್ಲವನ್ನೂ ದಿನಾ ಬೆಳಗ್ಗೆ ಅತ್ತೆಯವರ ಎದುರು ಕೂತು ವಿವರವಾಗಿ ಬೋಧಿಸುತ್ತಿದ್ದೆ, ಅವರ ಮುಂದಿನ ಮೊಟ್ಟೆ ಆರಿ ತಣ್ಣಗಾಗುತ್ತಿತ್ತು.

ಕೊನೆಗೊಂದು ದಿನ ಅತ್ತೆಯವರು ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿ, "ಅಳಿಯಂದ್ರೇ, ನೀವು ಮೊದ್ಲು ಒಂದು ತೀರ್ಮಾನಕ್ಕೆ ಬನ್ನಿ. ಅಲ್ಲೀವರೆಗೂ ನಂಗೆ ಬ್ರೆಡ್ಡು ಸಾಕು," ಎಂದರು. ಹಟಕ್ಕೆ ಬಿದ್ದರೆ ಅವರು ಮಗಳಿಗೂ ಬಗ್ಗುವವರಲ್ಲ. ನಡಿಗೆ ಕಲಿಸಲು ಬರುವ ಫಿಸಿಯೋ ಮೇಡಂ ಮುಂದಿನ ವಾರ ಅವರ ಮಂಡಿ ನಡುಗುವುದನ್ನು ನೋಡಿ, ಇವರು ಏನು ತಿನ್ನುತ್ತಿದ್ದಾರೆ ಎಂದು ಕೇಳಿದಾಗ ಹೆಂಡತಿ ಬಕೆಟ್ಟಿನ ಕಡೆ ನೋಡಿದಳು. ಮಾನ್ಯರೇ, ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಆರೋಗ್ಯದ ಹೆಸರಿನಲ್ಲಿ ಒಬ್ಬ ಮುದುಕಿಯ ಬಾಯಿಂದ ತುತ್ತು ಕಿತ್ತುಕೊಂಡವನು ನಾನು ಎನ್ನುವುದು ನನಗೆ ಆಗಲೇ ಹೊಳೆದದ್ದು.

ಓಡಿಹೋಗಿ ಡಾಕ್ಟರನ್ನು ಕೇಳಿದೆ. ಬಿಳಿಯೋ ಕಂದೋ ಎರಡೂ ಒಂದೇ, ಹಳದಿ ಸಮೇತ ಕೊಡಿ, ಬಹಳ ಜನರಿಗೆ ದಿನಕ್ಕೊಂದು ಮೊಟ್ಟೆಯಿಂದ ತೊಂದರೆಯಿಲ್ಲ, ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇದ್ದವರು ಮಾತ್ರ ಕೇಳಿಕೊಂಡು ತಿನ್ನಲಿ, ನಿಮ್ಮ ಅತ್ತೆಗೆ ಅವೆರಡೂ ಇಲ್ಲ, ತಾರೀಖು ನೋಡಿ ಬಿರುಕಿಲ್ಲದ್ದನ್ನು ತಗೊಂಡು ಚೆನ್ನಾಗಿ ಬೇಯಿಸಿ ಎಂದು ಅವರು ಕೈ ತೊಳೆದು ಒರೆಸಿಕೊಳ್ಳುವಷ್ಟರಲ್ಲಿ ನನ್ನ ಇಡೀ ಪಾಂಡಿತ್ಯವನ್ನು ಮುಗಿಸಿಬಿಟ್ಟರು. ದಾರಿಯಲ್ಲಿ ಬಿಳಿ ಡಬ್ಬಿ ಕೊಂಡು ಬಂದೆ.

ಅತ್ತೆಯವರು ಅಷ್ಟು ಸುಲಭಕ್ಕೆ ನಂಬಲಿಲ್ಲ. ಇಷ್ಟು ದಿನ ಹಸಿರು ಹಸಿರು ಅಂತಿದ್ದಿರಲ್ಲ, ಅದನ್ನು ತನ್ನಿ ನೋಡೋಣ ಎಂದು ತಮ್ಮ ಡಬ್ಬಿಯನ್ನು ತರಿಸಿಕೊಂಡು, ನನ್ನ ಭೂತಗನ್ನಡಿಯನ್ನೂ ಇಸಿದುಕೊಂಡು, ತಮ್ಮ ಚಿತ್ರವನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ, ಕಾಲಿಗೆ ಬಂದಾಗ ಕಣ್ಣು ನಿಲ್ಲಿಸಿದರು. "ಇದೇನ್ರೀ, ಕೋಳಿಗೆ ಪಾರಿವಾಳದ ಕಾಲು? ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ?" ಎಂದು ಕೇಳಿದರು. ಯಾವ ಯಾವ ಡಬ್ಬಿ ನನ್ನ ಕೈಯದು ಎಂದು ಅವರಿಗೆ ಗೊತ್ತಿರಲಿಲ್ಲ. "ನಾನೇ ಬರೆದಿದ್ದು, ಅತ್ತೆ," ಎಂದೆ. ಆಮೇಲೆ ಬಿದ್ದ ದಿನದಿಂದ ಒಮ್ಮೆಯೂ ನಗದಿದ್ದ ಹೆಂಗಸು ಕಣ್ಣಲ್ಲಿ ನೀರು ಬರುವವರೆಗೆ, ವಾಕರ್ ಗಡಗಡ ಅಲ್ಲಾಡುವವರೆಗೆ ನಕ್ಕರು. ಅಡುಗೆಮನೆಯಿಂದ ಓಡಿಬಂದ ಮಗಳೂ ವಿಷಯ ತಿಳಿದು ಅವರ ಜೊತೆ ಸೇರಿಕೊಂಡಳು. ನನ್ನ ಮಾನ ಮೂರು ಕಾಸಿಗೆ ಹೋದರೂ ನನಗೆ ಹಾಯೆನಿಸಿತು. "ನಕ್ಕು ನಕ್ಕು ಹಸಿವಾಯ್ತು, ಕೊಡಿ ಆ ಮೊಟ್ಟೇನ," ಎಂದು ಅತ್ತೆಯವರು ಬಿಳಿ ಡಬ್ಬಿಯ ಮೊಟ್ಟೆಯನ್ನು ಹಳದಿ ಸಮೇತ, ಉಪ್ಪು ಮೆಣಸು ಉದುರಿಸಿಕೊಂಡು, ಬಿಸಿಬಿಸಿಯಾಗಿ ತಿಂದರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಹೀಗಿರುವಲ್ಲಿ ತಮ್ಮಲ್ಲಿ ನನ್ನ ವಿನಂತಿಗಳು ಇವು. ತಾವು ದಯವಿಟ್ಟು ಡಬ್ಬಿಯಿಂದ ಕೆಳಗಿಳಿದು ಬಂದು, ಆ ಹುಲ್ಲಿನ ಮೇಲೆ ಒಮ್ಮೆಯಾದರೂ ನಡೆದು ತೋರಿಸಬೇಕು. ಅದು ಸಾಧ್ಯವಾಗದಿದ್ದರೆ ನನ್ನಂಥ ಗಿರಾಕಿ ಕೈ ಚಾಚಿದಾಗ ಬೆನ್ನು ತಿರುಗಿಸಿಕೊಳ್ಳಬೇಕು. ಪಾರಿವಾಳದವರು ಒಪ್ಪಿದರೆ ಕಾಲುಗಳನ್ನು ಹಿಂತಿರುಗಿಸಬೇಕು. ನಿಜವಾಗಿ ಬಯಲಿನಲ್ಲಿ ಓಡಾಡುವ ತಮ್ಮ ಬಂಧುಗಳು ಎಲ್ಲಾದರೂ ಇದ್ದರೆ ಅವರ ವಿಳಾಸ ಕೊಡಬೇಕು. ಅವರ ಸುಖಕ್ಕೆಂದು ನಾಲ್ಕು ಕಾಸು ಹೆಚ್ಚು ಕೊಡಲು ನನ್ನ ಅಭ್ಯಂತರವಿಲ್ಲ, ಚಿತ್ರದ ಸುಖಕ್ಕೆ ಮಾತ್ರ ಇನ್ನು ಕೊಡಲಾರೆ.

ವಾರಗಟ್ಟಲೆ ದಿನಕ್ಕೊಂದು ಮೊಟ್ಟೆ ತಿಂದು ನಡಿಗೆಯ ಅಭ್ಯಾಸ ಮಾಡಿದ ಮೇಲೆ, ನಿನ್ನೆ ಬೆಳಗ್ಗೆ ಅತ್ತೆಯವರು ಯಾರನ್ನೂ ಕರೆಯದೆ ಎದ್ದು, ವಾಕರ್ ಟಕ್ ಟಕ್ ಎನ್ನಿಸುತ್ತ ಬಚ್ಚಲಿಗೆ ಹೋದರು. ಹಿಂದೆಯೇ ಹೋದ ಹೆಂಡತಿಯನ್ನು ನಾನು ಕೈ ಹಿಡಿದು ನಿಲ್ಲಿಸಿದೆ. ಬಾಗಿಲು ಮುಚ್ಚಿತು. ಇಬ್ಬರೂ ಹೊರಗೆ ಕಾದೆವು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿತು, ಹೆಂಡತಿ ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟಳು. ಅದರ ಕೀರ್ತಿಯಲ್ಲಿ ತಮಗೊಂದು ಪಾಲು ಕೊಡೋಣವೆಂದರೆ, ಅವರು ತಿಂದದ್ದು ತಮ್ಮ ಡಬ್ಬಿಯದಲ್ಲ. ಆದರೂ ನಗಿಸಿದ ಕಾಲು ತಮ್ಮದೇ ಆದ್ದರಿಂದ ಈ ಪತ್ರದೊಡನೆ ನನ್ನ ಕೃತಜ್ಞತೆಯನ್ನೂ ಸ್ವೀಕರಿಸಬೇಕು.

ಇಂತಿ,
ತಮ್ಮ ವಿಶ್ವಾಸಿ,
ತಮ್ಮನ್ನು ಸೃಷ್ಟಿಸಿ ತಮ್ಮಿಂದಲೇ ಮೋಸಹೋದ ಚಿತ್ರಗಾರ

ಮರೆತ ಮಾತು: ಹಸಿರು ಡಬ್ಬಿ ಚೆನ್ನಾಗಿ ಖರ್ಚಾಗುತ್ತಿದೆಯೆಂದು ಮ್ಯಾನೇಜರರು ಫೋನು ಮಾಡಿದ್ದರು. ಮುಂದಿನ ಅಚ್ಚಿನಲ್ಲಿ ತಾವು ನಗುತ್ತಿರಬೇಕಂತೆ, ಹುಲ್ಲು ಇನ್ನೂ ದಟ್ಟವಾಗಬೇಕಂತೆ. ಕೊಕ್ಕಿನಲ್ಲಿ ನಗು ಎಲ್ಲಿ ಬರುತ್ತದೆ ಎಂದು ತಾವೇ ತಿಳಿಸಿದರೆ ಉಪಕಾರ. ಈ ಕೆಲಸವನ್ನು ಮನೆಗೆ ತಂದು ಮಾಡುತ್ತಿದ್ದಾಗ ಅತ್ತೆಯವರು ನಿಧಾನವಾಗಿ ನಡೆದು ಬಂದು, ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತು ನೋಡಿ, "ಇಷ್ಟೊಂದು ಹುಲ್ಲು ಯಾಕೆ ಅಳಿಯಂದ್ರೇ, ಮೇಯೋರು ಗಿರಾಕಿಗಳಾ?" ಎಂದು ಕೇಳಿದರು. ಮೊದಲು ಮೇಯ್ದವನು ಅವರ ಮುಂದೆಯೇ ಕೂತಿದ್ದ.