ಹನ್ನೆರಡನೇ ರೀಲು

ವಿಘ್ನೇಶ್ವರ ಹೆಗಡೆಯ ಮೇಲೆ ಅವನ ಹೆಂಡತಿ ವೇದಾಳದ್ದು ಒಂದೇ ದೂರು. ಗಂಡನಿಗೆ ಬಾಯಿ ಇರುವುದು ಉಣ್ಣುವುದಕ್ಕೆ ಮತ್ತು ಎಲೆಯಡಿಕೆಯ ಕವಳ ಹಾಕುವುದಕ್ಕೆ ಮಾತ್ರ. ದೂರು ಸುಳ್ಳಲ್ಲ. ಶಿರಸಿಯ ಟಾಕೀಸಿನಲ್ಲಿ ಹದಿನೆಂಟು ವರ್ಷದಿಂದ ಆಪರೇಟರ್ ಆಗಿದ್ದ ಈ ಮೌನಸಾರ್ವಭೌಮ, ಮೇಲಿನ ಕ್ಯಾಬಿನ್ನಿನಲ್ಲಿ ಎರಡು ಯಂತ್ರಗಳ ನಡುವೆ ಒಬ್ಬನೇ ಕೂತು ಕೂತು, ಭೂಲೋಕಕ್ಕೆ ಇಳಿದ ಮೇಲೂ ‘ಹೂಂ’ ಎಂಬ ಒಂದೇ ಅಕ್ಷರದಲ್ಲಿ ಸಂಸಾರ ತೂಗಿಸುತ್ತಿದ್ದ. ಮನೆಗೆ ನೆಂಟರು ಬಂದರೆ ಯಂತ್ರಕ್ಕೆ ಎಣ್ಣೆ ಬಿಡುವ ನೆವದಲ್ಲಿ ಟಾಕೀಸಿಗೆ ಓಡುತ್ತಿದ್ದ. (ಅಷ್ಟು ಎಣ್ಣೆ ಕುಡಿದ ಯಂತ್ರ ಇಡೀ ಜಿಲ್ಲೆಯಲ್ಲಿ ಇನ್ನೊಂದು ಇರಲಿಕ್ಕಿಲ್ಲ.)

ಮದುವೆಯಾದ ಮೇಲಿನ ಐದು ವರ್ಷ ವೇದಾ ಇದನ್ನು ನಗೆಯಾಡಿಯೇ ಕಳೆದಳು. ಆದರೆ ತೊಂಬತ್ತಾರನೇ ಇಸವಿಯಲ್ಲಿ, ಉಮ್ಮಚಗಿಯ ತವರಿನಲ್ಲಿದ್ದ ಅವಳ ತಾಯಿ, ಅವಳ ಬಾಯಲ್ಲಿ ‘ಆಯಿ’, ತೀರಿಕೊಂಡಳು. ಕರ್ಮ ಮುಗಿಸಿ ಶಿರಸಿಗೆ ಬಂದವಳು ಬಾಡಿಗೆ ಮನೆಯ ಒಳಕೋಣೆಯಲ್ಲಿ ಕೂತು ಅತ್ತಳು. ವಿಘ್ನೇಶ್ವರ ಆ ದಿನ ಮಾಡಿದ್ದೆಂದರೆ ಸೋರುತ್ತಿದ್ದ ನಲ್ಲಿಗೆ ವಾಷರ್ ಹಾಕಿದ್ದು. ಎರಡು ಸಲ ಅವಳ ಬಾಗಿಲ ತನಕ ಹೋಗಿದ್ದ, ಏನು ಹೇಳಬೇಕೆಂದು ತೋಚದೆ ತಿರುಗಿ ಬಂದಿದ್ದ. ಅದು ಅವಳಿಗೆ ಗೊತ್ತಿಲ್ಲ. ಅವಳಿಗೆ ಕೇಳಿಸಿದ್ದು ನಲ್ಲಿ ತಿರುಗಿಸುವ ಪಾನಾದ ಸದ್ದು ಮಾತ್ರ.

ತಿಂಗಳು ಕಳೆದ ಮೇಲೆ ಒಂದು ದಿನ ಹೇಳಿದಳು. “ಆಯಿ ಸತ್ತಾಗ್ಲೂ ನಿಂಗಳ ಬಾಯಿಂದ ಒಂದು ಮಾತು ಬಂಜಿಲ್ಲೆ. ಗೋಡೆ ಜೊತಿಗೆ ಎಷ್ಟು ದಿನ ಇಪ್ಪದು? ಗುರುವಾರ ಉಮ್ಮಚಗಿಗೆ, ಅಣ್ಣನ ಮನಿಗೆ ಹೋಗ್ತೆ.”

“ಹೂಂ.”

“ಯಾವಾಗ ಬತ್ತೆ ಹೇಳಿ ಕೇಳದಾದ್ರೂ ಕೇಳಿ.”

ವಿಘ್ನೇಶ್ವರ ಕೇಳಲಿಲ್ಲ. ಕೇಳಿದರೆ ಅವಳು ಬರುವುದಿಲ್ಲ ಅಂದುಬಿಟ್ಟರೆ ಎಂಬ ಭಯ ಅವನಿಗೆ.

ಆಗ ಟಾಕೀಸಿನಲ್ಲಿ ಓಡುತ್ತಿದ್ದದ್ದು ಒಬ್ಬ ಸಿಡುಕು ಒಂಟಿಗನ ಪ್ರೇಮಕಥೆ. ಬೀದಿಯವರ ಮೇಲೆಲ್ಲ ಹರಿಹಾಯುವ ಗಡಿಯಾರ ರಿಪೇರಿಯವನೊಬ್ಬ ಎದುರು ಮನೆಯ ಟೀಚರಮ್ಮನಿಂದ ಮನುಷ್ಯನಾಗುವ ಕತೆ, ಒಟ್ಟು ಹದಿನಾಲ್ಕು ರೀಲು. ಹನ್ನೊಂದರಲ್ಲಿ ಇಬ್ಬರಿಗೂ ಜಗಳ. ಹನ್ನೆರಡರಲ್ಲಿ ಅವನು ಅವಳ ಬಾಗಿಲಲ್ಲಿ ನಿಂತು, “ನೀನು ಅತ್ತ ದಿನ ನಾನು ಬಾಗಿಲ ಆಚೆಯೇ ನಿಂತಿದ್ದೆ. ಒಳಗೆ ಬರಲು ಹೆದರಿಕೆಯಾಯಿತು. ತಪ್ಪಾಯಿತು,” ಅನ್ನುತ್ತಾನೆ. ಹದಿಮೂರರಲ್ಲಿ ಅವಳು ನಗುತ್ತ ಕಾಫಿ ಕೊಡುತ್ತಾಳೆ. ಮೊದಲ ದಿನ ಆ ಮಾತು ಕೇಳಿದಾಗ ವಿಘ್ನೇಶ್ವರನಿಗೆ, ತನ್ನ ಮನೆಯ ಸುದ್ದಿ ಇವರಿಗೆ ಯಾರು ಹೇಳಿದರಪ್ಪ ಅನ್ನಿಸಿತ್ತು. ತಾನು ಹೇಳಲಾರದ್ದನ್ನು ಪರದೆಯ ಮೇಲಿನವನೇ ಹೇಳಲಿ ಎಂಬ ದಿವ್ಯ ಉಪಾಯ ಹೊಳೆದದ್ದು ಹೀಗೆ.

ಗುರುವಾರ ಬೆಳಿಗ್ಗೆ ಅವಳ ದೋಸೆಯ ತಟ್ಟೆಯ ಪಕ್ಕ ಒಂದು ಬಾಲ್ಕನಿ ಟಿಕೆಟು ಇಟ್ಟ.

“ಇದೆಂತದು?”

“ಮಧ್ಯಾಹ್ನದ ಆಟ. ನೋಡ್ಕಂಡು ಹೋಗು.” (ಒಂದೇ ಉಸಿರಿಗೆ ಎರಡು ವಾಕ್ಯ, ಆ ವರ್ಷದ ದಾಖಲೆ.)

“ನಿಂಗ ಪಕ್ಕದಲ್ಲಿ ಕೂತ್ಗತ್ರ?”

“ಆನು ಮೇಲಿರ್ತೆ.”

“ಮೇಲೆ ಕೂತು ಸುಮ್ನೆ ನೋಡಲೆ ದೇವ್ರೊಬ್ಬ ಸಾಕಾಗಿತ್ತು,” ಅಂದಳು ವೇದಾ. ಆದರೂ ಟಿಕೆಟು ತೆಗೆದುಕೊಂಡಳು. ಬಟ್ಟೆಯ ಚೀಲವನ್ನೂ ಜೊತೆಗೇ ಇಟ್ಟುಕೊಂಡಳು.

ಈ ಮಧ್ಯಾಹ್ನದ ಆಟಕ್ಕೆ ಒಂದು ಗುಟ್ಟಿತ್ತು. ಬರುವವರಲ್ಲಿ ಹೆಚ್ಚಿನವರು ಯಲ್ಲಾಪುರದ ದಾರಿಯ, ಉಮ್ಮಚಗಿಯಂಥ ಹಳ್ಳಿಗಳವರು. ಆಟ ಪೂರ್ತಿ ನಡೆದರೆ ಅವರಿಗೆ ಐದೂಮುಕ್ಕಾಲರ ಬಸ್ಸು ತಪ್ಪುತ್ತದೆ. ಅದಕ್ಕಾಗಿ ಹಾವೇರಿ ಕಡೆಯ ಮ್ಯಾನೇಜರ್ ಸಂಗಯ್ಯ, “ಮಧ್ಯಾಹ್ನ ಒಂದು ರೀಲ್ ಬಿಟ್ಟು ಹಾಕ್ರಿ. ಮಾತು ಭಾಳ ಇರೋದು ನೋಡಿ ಬಿಡ್ರಿ,” ಎಂದು ಅಪ್ಪಣೆ ಕೊಡಿಸಿದ್ದ. ಮಾತು ಬಹಳ ಇದ್ದದ್ದು ಹನ್ನೆರಡನೆಯದರಲ್ಲಿ. ಹದಿನೈದು ದಿನದಿಂದ ಮಧ್ಯಾಹ್ನ ಅದನ್ನು ಬಿಟ್ಟೇ ಹಾಕುತ್ತಿದ್ದ ವಿಘ್ನೇಶ್ವರ, ಇವತ್ತು ಊರು ಮುಳುಗಿದರೂ ಹಾಕುವುದೇ ಎಂದು ಆ ರೀಲಿನ ಡಬ್ಬಿಯನ್ನು ಬೆಂಚಿನ ಮೇಲೆ ಕಣ್ಣೆದುರೇ ಇಟ್ಟುಕೊಂಡ.

ಆದರೆ ಕಣ್ಣು ಬೆಂಚಿನ ಮೇಲಿದ್ದರಲ್ಲವೇ? ಕ್ಯಾಬಿನ್ನಿನ ಕಿಂಡಿಯಿಂದ ಅವನು ಬಾಲ್ಕನಿಯನ್ನೇ ನೋಡುತ್ತಿದ್ದ. ಮೂರನೇ ರೀಲಿನಲ್ಲಿ ವೇದಾ ನಕ್ಕಳು. ಅವಳು ನಕ್ಕದ್ದನ್ನು ಅವನು ನೋಡಿ ಬಹಳ ದಿನವಾಗಿತ್ತು. ಹನ್ನೊಂದನೆಯದರಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿಘ್ನೇಶ್ವರನ ಕಣ್ಣೂ ಮಂಜಾಯಿತು. ಹದಿನೈದು ದಿನದ ರೂಢಿಯ ಕೈಗಳು ಮಾತ್ರ ತಮ್ಮಷ್ಟಕ್ಕೆ ತಮ್ಮ ಕೆಲಸ ಮಾಡಿದವು. ಪರದೆಯ ಮೇಲೆ ಟೀಚರಮ್ಮ ನಗುತ್ತ ಕಾಫಿ ಕೊಟ್ಟಾಗಲೇ ಅವನಿಗೆ ಎಚ್ಚರವಾದದ್ದು. ಹನ್ನೆರಡನೇ ಡಬ್ಬಿ ಬೆಂಚಿನ ಮೇಲೆ ಹಾಗೇ ಕೂತಿತ್ತು. ಬಾಲ್ಕನಿಯಲ್ಲಿ ವೇದಾ ಕಣ್ಣೊರೆಸುವುದನ್ನು ನಿಲ್ಲಿಸಿದ್ದಳು.

ಆಟ ಮುಗಿದದ್ದೇ ಡಬ್ಬಿ ಬಗಲಿಗಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದ. ವೇದಾ ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದಳು.

“ಎಂತಕ್ಕೆ ಕಳ್ಸಿದ್ದು ಹೇಳಿ ಗೊತ್ತಾತು,” ಅಂದಳು. “ಅಂವ ಬಾಯೇ ಬಿಡ್ದಿಲ್ಲೆ, ಆ ಟೀಚರಮ್ಮ ತಾನಾಗೇ ಬಂದು ಕಾಫಿ ಕೊಡ್ತು. ಆನೂ ಹಾಂಗೇ ಮಾಡವು, ಅಲ್ದ?”

“ಅಲ್ಲ. ಇದ್ರಲ್ಲಿ ಇದ್ದು.” ಡಬ್ಬಿ ಮುಂದೆ ಹಿಡಿದ.

“ಎಂತ ಇದ್ದು?”

“ಮಾತು.”

ವೇದಾ ಒಂದು ಮೆಟ್ಟಿಲು ಇಳಿದಳು. “ಡಬ್ಬಿಲಿ ಇದ್ರೆ ಎಂಗೆ ಕೇಳ್ತಿಲ್ಲೆ. ಬಾಯಲ್ಲಿ ಇದ್ರೆ ಹೇಳಿ, ಕೇಳ್ತೆ.” ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ನಿಜವಾಗಿಯೂ ಕಾಯುತ್ತಿದ್ದಳು.

ಮಾತು ಅವನಿಗೆ ಅಕ್ಷರ ಬಿಡದೆ ಬಾಯಿಪಾಠವಿತ್ತು. ಬಾಯಿ ತೆರೆದ. ಬಸ್ಸಿನ ಕಿಟಕಿಗಳಿಂದ ಅದೇ ಆಟ ನೋಡಿ ಬಂದವರೆಲ್ಲ ಅವನನ್ನೇ ನೋಡುತ್ತಿದ್ದರು.

“ಹೂಂ,” ಅಂದ.

ವೇದಾ ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿದಳು. ಕಂಡಕ್ಟರ್ ಮಾಸ್ತಿ ಅವನ ಗುರುತು ಹಿಡಿದು ಸಂತೋಷದಿಂದ ಬಸ್ಸಿಗೆಲ್ಲ ಪರಿಚಯ ಹೇಳಿದ. “ಆಪರೇಟರ್ರು ಇವ್ರೇ ನೋಡಿ. ಹದಿನೈದು ದಿನದಿಂದ ಆಟ ನೋಡಿದವ್ರಿಗೆಲ್ಲ ಈ ಬಸ್ಸು ಟೈಮಿಗೆ ಸರಿಯಾಗಿ ಸಿಗೋದು ಇವ್ರ ದಯೆಯಿಂದ.” ಸೀಟಿ ಊದಿದ. ಐದೂಮುಕ್ಕಾಲಕ್ಕೆ ಸರಿಯಾಗಿ ಬಸ್ಸು ಹೊರಟಿತು.

ಆರೂವರೆಯ ಆಟ ಊರವರದ್ದು, ಯಾರಿಗೂ ಬಸ್ಸಿನ ಅವಸರವಿಲ್ಲ. ಹನ್ನೆರಡನೇ ರೀಲು ಪೂರ್ತಿ ಓಡಿತು. ಗಡಿಯಾರದವನು ಬಾಗಿಲಲ್ಲಿ ನಿಂತಾಗ ವಿಘ್ನೇಶ್ವರ ಕಿಂಡಿಗೆ ಮುಖವಿಟ್ಟು, ಖಾಲಿಯಿದ್ದ ಆ ಬಾಲ್ಕನಿ ಕುರ್ಚಿಗೆ, ಗಟ್ಟಿಯಾಗಿ, ಒಂದು ಅಕ್ಷರವೂ ತಪ್ಪದೆ, ಎಲ್ಲವನ್ನೂ ಹೇಳಿದ. ಕಣ್ಣೀರು ಧಾರಾಳವಾಗಿ ಬಂತು.

ದನಿ ಕೇಳಿ ಸಂಗಯ್ಯ ಬಾಗಿಲು ತೆರೆದು ಇಣುಕಿದ. “ಯಾರ ಕೂಡ ಮಾತಾಡಾಕತ್ತೀರಿ?”

“ಹೂಂ,” ಅಂದ ವಿಘ್ನೇಶ್ವರ.