ಮಸುಕು ಮಾಡಿದ ಬಾಗಿಲು

ಸಂದರ್ಶನದ ವಿಡಿಯೊದಲ್ಲಿ ಮಾತನಾಡುವವರ ಮುಖ ಫಳಫಳ ಹೊಳೆಯಬೇಕು, ಹಿಂದಿನದೆಲ್ಲ ಮಸುಕಾಗಬೇಕು. ಈ ಮಹಾವಿದ್ಯೆಯನ್ನು ನನಗೆ ಯಾವ ಗುರುವೂ ಕಲಿಸಲಿಲ್ಲ. ರಕ್ಷಣಾ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಲೇಥ್ ತಿರುಗಿಸಿದ ಕೈ, ನಿವೃತ್ತಿಯಾದ ಮೇಲೆ ತಾನೇ ಕಲಿಯಿತು. (ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಗಮನದಲ್ಲಿರಲಿ.)

ಹೈದರಾಬಾದಿನ ಹಿರಿಯ ಕನ್ನಡಿಗರನ್ನು ಮನೆಗೆ ಕರೆಸಿ ಮಾತಾಡಿಸತೊಡಗಿದೆ. ಕುರ್ಚಿಯನ್ನು ಗೋಡೆಯಿಂದ ಹತ್ತು ಅಡಿ ಮುಂದಕ್ಕೆ ಎಳೆದೆ. ಲೆನ್ಸಿನ ಕಿಂಡಿಯನ್ನು ಪೂರಾ ತೆರೆದೆ. ಹಿಂದೆ ಅಡಿಗೆಮನೆಯ ಬಾಗಿಲು, ಬಾಗಿಲಲ್ಲಿ ನನ್ನ ಹೆಂಡತಿ ಶಾಮಲಾ. ಎರಡೂ ಮಸುಕು.

"ನಾ ಇಷ್ಟ ದಪ್ಪ ಕಾಣ್ತೀನೇನ್ರಿ?" ಎಂದಳು ಪರದೆ ನೋಡಿ.

"ನೀ ಕಾಣಬಾರದಂತನ ಇಷ್ಟೆಲ್ಲಾ ಮಾಡಾಕತ್ತೀನಿ!"

ನಕ್ಕಳು. ನಾನೂ ನಕ್ಕೆ.

ಆದರೆ ಅವಲಕ್ಕಿ ಕೊಡದೆ ಯಾರನ್ನೂ ಮಾತಿಗೆ ಕೂರಿಸಲು ಅವಳು ಬಿಡಳು. "ಮನಿಗೆ ಬಂದವರ ಬಾಯಿ ಒಣಗಸ್ತೀರೇನ್ರಿ?" ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಮಾರುತ್ತಿದ್ದ ಅಮರಯ್ಯನವರು ಅವಲಕ್ಕಿ ಮೆಲ್ಲುತ್ತಲೇ ಅರ್ಧ ಕಥೆ ಹೇಳಿ, ತಟ್ಟೆ ಕೆಳಗಿಡಲು ಬಗ್ಗಿದರು. ಮುಖ ಸಿಗದ ಕ್ಯಾಮೆರಾ ಫೋಕಸ್ಸನ್ನು ಹಿಂದಕ್ಕೆ, ಬಾಗಿಲಿಗೆ ಓಡಿಸಿತು. ನಾನು ಕೂಗಾಡಿದೆ. ಆ ತುಣುಕನ್ನು ತಿರುಗಿ ನೋಡದೆ ಕತ್ತರಿಸಿ, 'ಕೆಟ್ಟದ್ದು' ಎಂದು ಹೆಸರಿಟ್ಟು ಕಂಪ್ಯೂಟರಿನ ಮೂಲೆಗೆ ಎಸೆದೆ.

ಕಳೆದ ಆಷಾಢದಲ್ಲಿ ಶಾಮಲಾ ಹೋದಳು. ಎರಡೇ ದಿನದ ಜ್ವರ.

ವರ್ಷಾಂತಿಕಕ್ಕೆ ಮಗಳು ಸಂಪದಾ ಗಚ್ಚಿಬೌಲಿಯಿಂದ ಮೊಮ್ಮಗಳು ಭಕ್ತಿಯನ್ನು ಕರೆದುಕೊಂಡು ಬಂದಳು. "ಅಪ್ಪಾ, ಅವ್ವಂದು ಒಂದರೆ ವಿಡಿಯೊ ತಗಿ. ಭಕ್ತಿ ಅಜ್ಜಿ ಮುಖಾನ ಮರಿಯಾಕತ್ತಾಳ."

ನಲವತ್ತೊಂದು ಸಂದರ್ಶನ ತೆಗೆದು ನೋಡಿದೆವು. ಎಲ್ಲದರಲ್ಲೂ ಇದ್ದಳು. ಹಸಿರು ಮಸುಕು, ಕೆಂಪು ಮಸುಕು, ತಟ್ಟೆ ಹಿಡಿದ ಮಸುಕು. ಅಮರಯ್ಯನವರ ಮೂಗಿನ ಕೂದಲನ್ನು ಮಾತ್ರ ಎಣಿಸಬಹುದಿತ್ತು.

"ಈ ಮಸುಕು ತಗಿಯಾಕ ಬರ್ತೈತೇನಪ್ಪಾ?"

ಹಾಕುವುದನ್ನಷ್ಟೇ ಕಲಿತಿದ್ದೆ.

ಕೊನೆಗೆ ಸಂಪದಾ 'ಕೆಟ್ಟದ್ದು' ತೆರೆದಳು. ಅಮರಯ್ಯನವರು ಬಗ್ಗಿದರು. ಬಾಗಿಲಲ್ಲಿ ಶಾಮಲಾ, ಮೂಗುತಿಯ ಹರಳಿನವರೆಗೂ ಸ್ಪಷ್ಟ! ಹೊಟ್ಟೆ ಮುಂದೆ ಮಾಡಿ, ಒಂದು ಕಣ್ಣು ಮುಚ್ಚಿ, ಸೌಟನ್ನು ಕ್ಯಾಮೆರಾದಂತೆ ಇನ್ನೊಂದು ಕಣ್ಣಿಗೆ ಹಿಡಿದು, ಥೇಟ್ ನನ್ನನ್ನೇ ಅಣಕಿಸುತ್ತಿದ್ದಳು.

ಭಕ್ತಿ ಚಪ್ಪಾಳೆ ತಟ್ಟಿದಳು. "ಅಜ್ಜಿ ಅಜ್ಜನಂಗ ಮಾಡಾಕತ್ತಾಳ!"

ಅಷ್ಟರಲ್ಲಿ ಪರದೆಯೊಳಗಿಂದ ನನ್ನದೇ ಗದರಿಕೆ ಕೇಳಿತು: "ಏ ಶಾಮಲಾ, ಸರಿ ಅತ್ತಾಗ! ನೀ ಕಾಣಾಕತ್ತೀ!"

ಅವಳು ಸರಿದಳು.